ನಿಮಗಿದು ಗೊತ್ತೆ? ಟಿ.ವಿ. ಎಷ್ಟು ದೊಡ್ಡದು, ಎಷ್ಟು ದೂರ?

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಆಗ ಅವನು ನುಡಿಯುವ ಭವಿಷ್ಯವಾಣಿಯಾದ ಕಾರ್ಣಿಕವನ್ನು ಈಗ ಮನೆಯ ಟಿ.ವಿ.ಯಲ್ಲಿ ನೋಡುವವರೂ ಬಹಳ. ಹೊಸದು ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಮನೆಯನ್ನೇ ಅಳೆಯಲಿ.

ಟಿ.ವಿ.ಯ ಇಂಚು ಎಂದರೆ ಪರದೆಯ ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ. 43 ಇಂಚಿನ ಪರದೆಯ ಅಗಲ ಸುಮಾರು 37.5 ಇಂಚು ಮಾತ್ರ. ಕೂರುವ ಜಾಗ ಮತ್ತು ಪರದೆಯ ನಡುವಿನ ದೂರವನ್ನು ಇಂಚಿನಲ್ಲಿ ಅಳೆದು 1.6ರಿಂದ ಭಾಗಿಸಿದರೆ ಹೊಂದುವ ಗಾತ್ರ ಸಿಗುತ್ತದೆ. 43 ಇಂಚಿನದಕ್ಕೆ ಐದೂಮುಕ್ಕಾಲು ಅಡಿ ಸಾಕು. ಅಷ್ಟು ದೂರದಿಂದ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಾಗಿರುವಾಗ 4ಕೆ ಹೆಸರಿಗೆ ಹೆಚ್ಚು ದುಡ್ಡು ಕೊಡುವ ಮುನ್ನ ಯೋಚಿಸಿ. ಎಚ್‌ಡಿ ಅಲ್ಲದ ಸಾಮಾನ್ಯ ಚಾನೆಲ್‌ಗಳ ಚಿತ್ರದಲ್ಲಿ ಇರುವುದು 576 ಗೆರೆ ಅಷ್ಟೇ. ದೊಡ್ಡ ಪರದೆಗೆ ಹತ್ತಿರ ಕೂತರೆ ಗೊರವಯ್ಯನ ಕಂಬಳಿಯ ಅಂಚೂ ಮಸುಕಾಗುತ್ತದೆ. ಆಗ ಹಿಂದೆ ಸರಿದು ಕೂರುವುದೇ ಮೇಲು.

ನಮ್ಮಲ್ಲಿ ಹೆಚ್ಚು ಎಡವುವುದು ಎತ್ತರದಲ್ಲಿ. ಬಾಗಿಲ ಮೇಲ್ಪಟ್ಟಿಯ ಮಟ್ಟಕ್ಕೆ ಟಿ.ವಿ. ತೂಗುಹಾಕಿ, ಕೆಳಗೆ ಜಮಖಾನದ ಮೇಲೆ ಕೂತು ನೋಡುವ ಹಿರಿಯರಿಗೆ ಕತ್ತು ನೋವು ತಪ್ಪದು. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕಿರಬೇಕು: ಕುರ್ಚಿಯಾದರೆ ನೆಲದಿಂದ ಸುಮಾರು ಮೂರೂವರೆ ಅಡಿ, ನೆಲದ ಮೇಲೆ ಕೂರುವುದಾದರೆ ಎರಡೂವರೆ. ಎದುರಿಗೆ ಕಿಟಕಿ ಇರದ ಗೋಡೆಯನ್ನೇ ಆರಿಸಿ.

ಹತ್ತಿರದಿಂದ ನೋಡಿದರೆ ಮಕ್ಕಳ ಕಣ್ಣು ಹೋಗುತ್ತದೆ ಎಂಬುದು ನಿಜವಲ್ಲ. ಕಣ್ಣು ದಣಿಯುವುದು ಮಾತ್ರ ನಿಜ. ಆದರೂ ಮಗು ಪದೇಪದೇ ಪರದೆಯ ಹತ್ತಿರಕ್ಕೇ ಹೋಗುತ್ತಿದ್ದರೆ ಗದರಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ. ದೂರದೃಷ್ಟಿ ಮಂಜಾಗಿರಬಹುದು.