ಅಲ್ಪಾಯು ಸಂದೇಶಗಳು: ಬ್ಯಾಕ್ಟೀರಿಯಾದ ಜಾಣ್ಮೆ

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರ ದೇವಾಲಯವನ್ನು ತಪ್ಪದೆ ನೋಡುತ್ತಾರೆ. ಪಕ್ಕದ ಬಸ್ತಿಹಳ್ಳಿಯ ಬಸದಿಗಳವರೆಗೆ ಹೋಗುವವರು ಕಡಿಮೆ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಇದನ್ನು ತಿಳಿಸುವ ಶಾಸನ ಸುಮಾರು ಒಂಬೈನೂರು ವರ್ಷ ಬಾಳಿದೆ.

ಈಗ ಅದೇ ಊರಿನ ಹಸುವೊಂದರ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾವನ್ನು ಊಹಿಸಿಕೊಳ್ಳಿ. ಅದರ ಡಿಎನ್‌ಎ ಕೂಡ ಒಂದು ಶಾಸನವೇ; ಪೀಳಿಗೆಯಿಂದ ಪೀಳಿಗೆಗೆ ಉಳಿಯುತ್ತದೆ. ಆದರೆ ಪ್ರೋಟೀನ್ ತಯಾರಿಸಲೆಂದು ಆ ಶಾಸನದ ಒಂದೊಂದು ಭಾಗದಿಂದ ತೆಗೆದ ನಕಲು, ಅಂದರೆ ಸಂದೇಶವಾಹಕ ಆರ್‌ಎನ್‌ಎ, ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಶಕ್ತಿ ವ್ಯಯಿಸಿ ಬರೆದುದನ್ನು ಇಷ್ಟು ಬೇಗ ಅಳಿಸುವುದು ದುಂದುವೆಚ್ಚವಲ್ಲವೆ?

ಪಿಯುಸಿ ತರಗತಿಯಲ್ಲಿ ನಾವು ಲ್ಯಾಕ್ ಒಪೆರಾನ್ ಕಲಿಸುತ್ತೇವೆ. ಲ್ಯಾಕ್ಟೋಸ್ ಇದ್ದರೆ ಜೀನ್ ಚಾಲೂ, ಇಲ್ಲದಿದ್ದರೆ ಬಂದ್. ಇದರಿಂದ ಜೀನಿನ ನಿಯಂತ್ರಣವೆಂದರೆ ಸ್ವಿಚ್ ಒತ್ತುವುದಷ್ಟೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಉಳಿಯುತ್ತದೆ. ಇದು ಅರ್ಧ ಸತ್ಯ. ಕೆರೆಯ ನೀರಿನ ಮಟ್ಟ ಹಳ್ಳದ ಒಳಹರಿವಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ. ತೂಬಿನಿಂದ ಎಷ್ಟು ಹೊರಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಜೀವಕೋಶದಲ್ಲಿ ಸಂದೇಶದ ಪ್ರಮಾಣವೂ ಹಾಗೆಯೇ. ಉತ್ಪಾದನೆಯ ದರ ಹಾಗೂ ಅಳಿವಿನ ದರ ಎರಡೂ ಸೇರಿ ಅದನ್ನು ನಿರ್ಧರಿಸುತ್ತವೆ.

ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಈ ಅಳಿವಿನ ನಿಯಮ ಹಳೆಯ ಪರಿಚಯದ್ದು. ವಿಕಿರಣಪಟು ಧಾತುಗಳಂತೆ ಇದಕ್ಕೂ ಅರ್ಧಾಯು ಉಂಟು. ತರಗತಿಯಲ್ಲಿ ಇದನ್ನು ತೋರಿಸುವುದು ಸುಲಭ. ಚೌಕಾಬಾರಕ್ಕೆ ಬಳಸುವಂತೆ ಒಂದು ಬದಿ ಬಿಳಿಯಾಗುವವರೆಗೆ ತೇಯ್ದ ನೂರು ಹುಣಸೆಬೀಜ ತೆಗೆದುಕೊಳ್ಳಿ. ಎಲ್ಲವನ್ನೂ ಚೆಲ್ಲಿ, ಬಿಳಿ ಮೇಲಾಗಿ ಬಿದ್ದವನ್ನು ಹೊರಗಿಡಿ. ಉಳಿದವನ್ನು ಮತ್ತೆ ಚೆಲ್ಲಿ. ಪ್ರತಿ ಸಲ ಸರಿಸುಮಾರು ಅರ್ಧದಷ್ಟು ಉಳಿಯುತ್ತವೆ. ಯಾವ ಬೀಜ ಯಾವಾಗ ಹೋಗುತ್ತದೆಂದು ಹೇಳಲಾಗದು. ಒಟ್ಟಿನ ಲೆಕ್ಕ ಮಾತ್ರ ತಪ್ಪುವುದಿಲ್ಲ.

ಈಗ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅನುಕೂಲ ಪರಿಸ್ಥಿತಿಯಲ್ಲಿ ಇ. ಕೊಲೈ 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಜೀನನ್ನು ಬಂದ್ ಮಾಡಿತೆನ್ನಿ. ಸಂದೇಶದ ಅರ್ಧಾಯು 5 ನಿಮಿಷವಾದರೆ, 20 ನಿಮಿಷದ ಬಳಿಕ ಉಳಿಯುವುದು ಹದಿನಾರನೆಯ ಒಂದು ಭಾಗ. ಅರ್ಧಾಯು ಒಂದು ಗಂಟೆಯಾಗಿದ್ದರೆ ಶೇಕಡ 79ರಷ್ಟು ಸಂದೇಶ ಹಾಗೆಯೇ ಇದ್ದು, ಬೇಡವಾದ ಪ್ರೋಟೀನನ್ನು ತಯಾರಿಸುತ್ತಲೇ ಇರುತ್ತಿತ್ತು. ಅಳಿಸುವ ವೇಗವೇ ಬದಲಾಗುವ ವೇಗ. ದುಂದುವೆಚ್ಚದಂತೆ ಕಂಡದ್ದು, ಕ್ಷಣಕ್ಷಣಕ್ಕೂ ಬದಲಾಗುವ ಪರಿಸರದಲ್ಲಿ ಬದುಕಲು ತೆರುವ ಬೆಲೆ.

ಆದರೆ ಬೀಜದ ಆಟಕ್ಕೂ ಜೀವಕೋಶಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾರ್ಬನ್-14ರ ಅರ್ಧಾಯು ಸುಮಾರು 5,730 ವರ್ಷ; ಕಾಯಿಸಿದರೂ ತಣಿಸಿದರೂ ಅದು ಬದಲಾಗದು. ಬ್ಯಾಕ್ಟೀರಿಯಾ ಮಾತ್ರ ತನ್ನ ಸಂದೇಶಗಳ ಅರ್ಧಾಯುವನ್ನು ಸಂದರ್ಭಕ್ಕೆ ತಕ್ಕಂತೆ ತಾನೇ ಬದಲಿಸಿಕೊಳ್ಳುತ್ತದೆ!

ಹೇಗೆ? ಇ. ಕೊಲೈನಲ್ಲಿ ಅಳಿಸುವ ಕೆಲಸದ ಮುಖ್ಯ ಕಿಣ್ವ ಆರ್‌ಎನ್‌ಏಸ್-ಇ. ಅದು ಕತ್ತರಿಯಂತೆ ಸಂದೇಶವನ್ನು ನಡುವೆ ತುಂಡರಿಸುತ್ತದೆ. ಬಳಿಕ ಬೇರೆ ಕಿಣ್ವಗಳು ಆ ತುಂಡುಗಳನ್ನು ತುದಿಯಿಂದ ಒಂದೊಂದೇ ಘಟಕವಾಗಿ ಬಿಡಿಸುತ್ತವೆ. ಸಂದೇಶದ ಆರಂಭದ ತುದಿಯಲ್ಲಿ ಮೂರು ಫಾಸ್ಫೇಟ್‌ಗಳಿದ್ದು, ಅವು ಸ್ವಲ್ಪಮಟ್ಟಿನ ರಕ್ಷಣೆ ಕೊಡುತ್ತವೆ. ಅವುಗಳಲ್ಲಿ ಎರಡನ್ನು ಕಳಚಿ ಕತ್ತರಿಗೆ ದಾರಿ ಮಾಡಿಕೊಡುವ ಕಿಣ್ವವನ್ನು 2008ರಲ್ಲಿ ಗುರುತಿಸಲಾಯಿತು. ತುದಿಯಲ್ಲಿ ಆರ್‌ಎನ್‌ಎ ತನ್ನ ಮೇಲೆಯೇ ಮಡಿಚಿ ಗಂಟಿನಂತಾಗಿದ್ದರೆ ಆಯುಸ್ಸು ಹೆಚ್ಚುತ್ತದೆ. ಸಂದೇಶವನ್ನು ಓದುತ್ತ ಸಾಗುವ ರೈಬೋಸೋಮ್‌ಗಳು ದಟ್ಟವಾಗಿದ್ದರೂ ಕತ್ತರಿಗೆ ಜಾಗ ಸಿಗುವುದು ಕಷ್ಟ.

ಎರಡು ಉದಾಹರಣೆ ನೋಡೋಣ. ಚಳಿಯನ್ನು ಎದುರಿಸಲು ಬೇಕಾದ ಒಂದು ಪ್ರೋಟೀನ್ ಸಿಎಸ್‌ಪಿ-ಎ. ಅದರ ಸಂದೇಶದ ಅರ್ಧಾಯು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 12 ಸೆಕೆಂಡು. 15 ಡಿಗ್ರಿಗೆ ಇಳಿಸಿದಾಗ ಅದು 20 ನಿಮಿಷಕ್ಕೂ ಹೆಚ್ಚು! ಅಂದರೆ ತೂಬನ್ನು ಮುಚ್ಚಿಯೇ ಕೆರೆಯ ಮಟ್ಟ ಏರಿಸಿದಂತೆ. ಇನ್ನೊಂದು, ಕಬ್ಬಿಣದ ಅಭಾವ. ಆಗ ಆರ್‌ವೈಎಚ್‌-ಬಿ ಎಂಬ ಪುಟ್ಟ ಆರ್‌ಎನ್‌ಎ ತಯಾರಾಗುತ್ತದೆ. ಕಬ್ಬಿಣ ಬಳಸುವ ಕೆಲವು ಪ್ರೋಟೀನುಗಳ ಸಂದೇಶಗಳಿಗೆ ಅದು ಜೋಡಿಯಾಗಿ ಅಂಟಿಕೊಂಡು, ಅವನ್ನು ಕತ್ತರಿಗೆ ಒಪ್ಪಿಸುತ್ತದೆ. ಇದ್ದಷ್ಟು ಕಬ್ಬಿಣ ತೀರಾ ಅಗತ್ಯವಾದ ಕೆಲಸಗಳಿಗೆ ಉಳಿಯುತ್ತದೆ.

ಇಷ್ಟು ಚಿಕ್ಕ ಅವಧಿಗಳನ್ನು ಅಳೆಯುವುದು ಹೇಗೆ? ಹೊಸ ಆರ್‌ಎನ್‌ಎ ತಯಾರಿಯನ್ನು ರಿಫಾಂಪಿಸಿನ್ ಹಾಕಿ ನಿಲ್ಲಿಸುತ್ತಾರೆ. ನಂತರ ಆಗಾಗ ಮಾದರಿ ತೆಗೆದು, ಎಷ್ಟು ಸಂದೇಶ ಉಳಿದಿದೆ ಎಂದು ನೋಡುತ್ತಾರೆ. ಹೀಗೆ ಅಳೆದಾಗ ಇ. ಕೊಲೈನ ಸುಮಾರು ಶೇಕಡ 80ರಷ್ಟು ಸಂದೇಶಗಳ ಅರ್ಧಾಯು 3ರಿಂದ 8 ನಿಮಿಷ ಎಂದು 2002ರಲ್ಲಿ ತಿಳಿದುಬಂತು.

ರಿಫಾಂಪಿಸಿನ್ ಎಂಬ ಹೆಸರು ನಿಮಗೆ ಕೇಳಿದಂತಿರಬಹುದು. ಕ್ಷಯರೋಗಿಗಳು ತಿಂಗಳುಗಟ್ಟಲೆ ನುಂಗುವ ಔಷಧಗಳಲ್ಲಿ ಅದೂ ಒಂದು. 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇರುವ ಬೆಂಗಳೂರು ನಮ್ಮದು. ಆದರೂ ಈ ರೋಗ ನಮ್ಮ ಹಳ್ಳಿಗಳನ್ನು ಬಿಟ್ಟಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಇಬ್ಭಾಗವಾಗಲು 20 ಗಂಟೆಯಷ್ಟು ಬೇಕು. ಅದರ ಸಂದೇಶಗಳ ಸರಾಸರಿ ಅರ್ಧಾಯು 9.5 ನಿಮಿಷ ಎಂದು 2013ರ ಅಧ್ಯಯನವೊಂದು ತೋರಿಸಿತು. ಆಮ್ಲಜನಕ ಕಡಿಮೆ ಮಾಡಿದಾಗ ಅದು ಅರ್ಧ ಗಂಟೆಯನ್ನೂ ದಾಟಿತು. ಉಸಿರು ಕಟ್ಟಿದಾಗ ಈ ಬ್ಯಾಕ್ಟೀರಿಯಾ ಹೊಸದನ್ನು ಬರೆಯುವುದನ್ನು ತಗ್ಗಿಸಿ, ಇದ್ದುದನ್ನೇ ಜೋಪಾನವಾಗಿಟ್ಟು ಸುಪ್ತಾವಸ್ಥೆಗೆ ಇಳಿಯುತ್ತದೆ. ಹೀಗೆ ಮಲಗಿದ ಶತ್ರುವಿಗೆ ಔಷಧ ಬೇಗ ನಾಟುವುದಿಲ್ಲ. ಕೆಮ್ಮು ನಿಂತಿತೆಂದು ರೋಗಿ ಮಾತ್ರೆ ಬಿಡಬಾರದೆಂದು ವೈದ್ಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಮುಂದಿನ ಸಲ ಲ್ಯಾಕ್ ಒಪೆರಾನ್ ಪಾಠ ಮುಗಿಸಿದಾಗ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಕೇಳಿ: "ಸ್ವಿಚ್ ಬಂದ್ ಆಯಿತು, ಸರಿ. ಆಗಲೇ ಬರೆದಿಟ್ಟ ಸಂದೇಶಗಳ ಗತಿಯೇನು?" ಆಮೇಲೆ ಹುಣಸೆಬೀಜಗಳನ್ನು ಅವರ ಕೈಗೆ ಕೊಡಿ.