ವಸ್ತಿಕುಹರದ ಚರ್ಮಗಂತಿ

ಹೆರಿಗೆಯಾಗಿ ವರ್ಷವೊಂದೆರಡು ಕಳೆದ ಮೇಲೆ, ಹೊಲಿಗೆ ಹಾಕಿದ್ದ ಸ್ಥಳದಲ್ಲಿ ಕಡಲೆಕಾಳಿನಷ್ಟೋ ನೆಲ್ಲಿಕಾಯಿಯಷ್ಟೋ ಗಾತ್ರದ ಗಂಟೊಂದು ಕೈಗೆ ತಗಲುವುದುಂಟು. ನಾಚಿಕೆಯಿಂದ ಅನೇಕ ಸ್ತ್ರೀಯರು ಅದನ್ನು ಮುಚ್ಚಿಡುತ್ತಾರೆ. ಪತಿಗೆ ತಿಳಿದರೆ, ಇದು ಕೆಟ್ಟ ರೋಗವಿರಬಹುದೆಂಬ ಶಂಕೆ ಮನೆಯೊಳಗೆ ಹೊಗುತ್ತದೆ. ಪರೀಕ್ಷೆಯಲ್ಲಿ ಅದು ಎಪಿಡರ್ಮಾಯ್ಡ್ ಸಿಸ್ಟ್ ಎಂಬ ಚರ್ಮಗಂತಿಯೆಂದು ತಿಳಿದುಬಂದರೆ ಆ ಶಂಕೆಗೆ ಎಡೆಯೇ ಇಲ್ಲ. ಅದು ಒಬ್ಬರಿಂದೊಬ್ಬರಿಗೆ ಅಂಟದು. ಕ್ಯಾನ್ಸರಾಗಿ ಮಾರ್ಪಡುವುದೂ ಬಹು ವಿರಳ. ಪುರುಷರ ವೃಷಣಚೀಲದ ಚರ್ಮದಲ್ಲಿಯೂ ಇಂತಹವೇ ಗಂಟುಗಳೇಳುತ್ತವೆ. ಆಗ ಯಾರೂ ಯಾರನ್ನೂ ಶಂಕಿಸುವುದಿಲ್ಲ!

ಹೆರಿಗೆಯ ಕಾಲದಲ್ಲಿ ಯೋನಿದ್ವಾರವು ಹರಿದಾಗ, ಇಲ್ಲವೆ ಕೊಯ್ದು ಹೊಲಿದಾಗ, ಮೇಲ್ಚರ್ಮದ ಸೂಕ್ಷ್ಮ ತುಣುಕೊಂದು ಒಳಗೆ ಸಿಕ್ಕಿಕೊಳ್ಳಬಹುದು. ಹೊರಗಿನ ಚರ್ಮದಂತೆಯೇ ಅದೂ ದಿನವೂ ಹೊಟ್ಟು ಉದುರಿಸುತ್ತದೆ. ಆದರೆ ಆ ಹೊಟ್ಟು ಹೊರಬೀಳಲು ದಾರಿಯಿಲ್ಲ. ಹೀಗೆ ಚೀಲದಲ್ಲಿ ಶೇಖರವಾದ, ಗಿಣ್ಣಿನಂತಹ ಬಿಳಿಯ ಪದಾರ್ಥವೇ ಈ ಗಂಟು. ಅದು ಕೀವಲ್ಲ. ಹಿಸುಕಿ ಅಥವಾ ಸೂಜಿ ಚುಚ್ಚಿ ತೆಗೆದರೆ ಚೀಲ ಒಳಗೇ ಉಳಿದು ಮತ್ತೆ ತುಂಬಿಕೊಳ್ಳುತ್ತದೆ, ನಂಜೂ ಏರಬಹುದು. ಚಿಕ್ಕದಾಗಿ ತೊಂದರೆ ಕೊಡದಿದ್ದರೆ ಹಾಗೆಯೇ ಬಿಡಬಹುದು. ಸಂಭೋಗದಲ್ಲಿ ನೋವಾದರೆ, ಬೆಳೆಯುತ್ತಿದ್ದರೆ, ಆ ಭಾಗವನ್ನಷ್ಟೇ ಮರಗಟ್ಟಿಸಿ ಚೀಲಸಮೇತ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು.

ಇನ್ನೊಂದು ಬಗೆ ಅಪರೂಪದ್ದು, ಆದರೆ ಹೆಚ್ಚು ತೊಡಕಿನದು. ಗುದನಾಳಕ್ಕೂ ಅದರ ಹಿಂದಿನ ತ್ರಿಕಾಸ್ಥಿಗೂ ನಡುವೆ, ಭ್ರೂಣಾವಸ್ಥೆಯಲ್ಲಿಯೇ ಉಳಿದುಹೋದ ಚರ್ಮದ ಅಂಶದಿಂದ ಬೆಳೆಯುವ ಗಂತಿಯಿದು. ಹೆಚ್ಚಾಗಿ ಸ್ತ್ರೀಯರಲ್ಲಿಯೇ ಕಂಡುಬರುತ್ತದೆ. ಹೊರಗೆ ಕಾಣದು. ಮಲಬದ್ಧತೆ, ಕುಳಿತಾಗ ಬಾಲಮೂಳೆಯ ಬಳಿ ಒತ್ತಿದಂತಾಗುವುದು ಇದರ ಸೂಚನೆಗಳು. ಕೆಲವರಿಗೆ ಏನೂ ತಿಳಿಯದು. ಭಗಂದರವೆಂದು ಎರಡು ಮೂರು ಸಲ ಕೊಯ್ಸಿಕೊಂಡರೂ ಕೀವು ಮರಳಿ ಬರುತ್ತಿದ್ದರೆ ಈ ಗಂತಿಯನ್ನು ನೆನೆಯಬೇಕು. ವೈದ್ಯರು ಕೈಗವಸು ತೊಟ್ಟು ಗುದದ್ವಾರದಲ್ಲಿ ಬೆರಳಿಟ್ಟು ನೋಡುವ ಸರಳ ಪರೀಕ್ಷೆಯಿಂದಲೇ ಇದು ಬಹುವೇಳೆ ಪತ್ತೆಯಾಗುತ್ತದೆ. ಸಂಕೋಚದಿಂದ ಅದನ್ನು ನಿರಾಕರಿಸಿದವರು ವರ್ಷಗಟ್ಟಲೆ ಮೂಲವ್ಯಾಧಿಯ ಔಷಧಿ ಸೇವಿಸಿದ್ದುಂಟು. ಬಳಿಕ ಎಂ.ಆರ್.ಐ. ಚಿತ್ರದಿಂದ ಗಂತಿಯ ಎಲ್ಲೆಯನ್ನು ಗೊತ್ತುಮಾಡುತ್ತಾರೆ. ನಂಜು ತಗಲುವ ಭಯದಿಂದ ಸೂಜಿ ಹಾಕಿ ನೋಡುವುದನ್ನು ಸಾಮಾನ್ಯವಾಗಿ ವರ್ಜಿಸುತ್ತಾರೆ.

ಗಂತಿ ಕೆಳಗಿದ್ದರೆ ಬಾಲಮೂಳೆಯ ಬದಿಯಿಂದಲೂ, ಮೇಲಿದ್ದರೆ ಉದರದ ಮೂಲಕವೂ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಚೀಲದ ಚೂರೂ ಉಳಿಯಬಾರದು. ತೆಗೆದ ಗಂತಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಈ ಚಿಕಿತ್ಸೆಯಲ್ಲಿ ಗರ್ಭಕೋಶವನ್ನಾಗಲಿ ಅಂಡಾಶಯವನ್ನಾಗಲಿ ತೆಗೆಯುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲವಾದ್ದರಿಂದ, ಮಕ್ಕಳಾಗುವುದಿಲ್ಲವೆಂಬ ಅಂಜಿಕೆ ಬೇಡ. ತೆಗೆಯದೆ ಬಿಟ್ಟ ದೊಡ್ಡ ಗಂತಿಯೇ ಹೆರಿಗೆಯಲ್ಲಿ ಮಗುವಿನ ದಾರಿಗೆ ಅಡ್ಡವಾಗಬಹುದು. ಗಾಯ ಪೂರ್ಣ ಮಾಯುವವರೆಗೆ ದಂಪತಿಗಳು ಸಂಯಮದಿಂದಿದ್ದು, ಮುಂದಿನ ಬಸಿರಿನಲ್ಲಿ ಮೊದಲ ತಪಾಸಣೆಯ ದಿನವೇ ಹಳೆಯ ಶಸ್ತ್ರಚಿಕಿತ್ಸೆಯ ಚೀಟಿಯನ್ನು ವೈದ್ಯರಿಗೆ ತೋರಿಸತಕ್ಕದ್ದು.