ಬ್ಯಾಟರಿ ದೀಪ ಉರಿದರೆ ಕೆಟ್ಟಿದ್ದು ಬ್ಯಾಟರಿಯೇ? ಟರ್ಮಿನಲ್ ಬಿಚ್ಚಿ ಪರೀಕ್ಷಿಸಬಹುದೇ?

"ಎಂಜಿನ್ ಚಾಲೂ ಇರುವಾಗ ಬ್ಯಾಟರಿಯ ಟರ್ಮಿನಲ್ ಬಿಚ್ಚಿ. ಕಾರು ಆಫ್ ಆದರೆ ಡೈನಮೋ ಹೋಗಿದೆ, ಆಗದಿದ್ದರೆ ಬ್ಯಾಟರಿ ಹೋಗಿದೆ." ಈ ಸಲಹೆಯನ್ನು ಗ್ಯಾರೇಜಿನಲ್ಲೋ ವಾಟ್ಸಾಪ್ ಗುಂಪಿನಲ್ಲೋ ನೀವೂ ಕೇಳಿರಬಹುದು. ಇಂದಿನ ಕಾರಿನಲ್ಲಿ ಹೀಗೆ ಮಾಡಿದರೆ ಸಣ್ಣ ರಿಪೇರಿ ದೊಡ್ಡ ಖರ್ಚಾಗಿಬಿಡುತ್ತದೆ. ಹಾಗಾದರೆ ಸರಿಯಾದ ದಾರಿ ಯಾವುದು? ನೋಡೋಣ.

ಟ್ಯಾಂಕ್ ಬೇರೆ, ಪಂಪು ಬೇರೆ

ಬ್ಯಾಟರಿಯನ್ನು ಮನೆಯ ಮೇಲಿನ ನೀರಿನ ಟ್ಯಾಂಕ್ ಎಂದುಕೊಳ್ಳಿ. ಅದನ್ನು ತುಂಬುವ ಬೋರ್‌ವೆಲ್ ಪಂಪು ಆಲ್ಟರ್ನೇಟರ್. ನಮ್ಮ ಮೆಕ್ಯಾನಿಕ್‌ಗಳು ಈಗಲೂ ಇದನ್ನು ಡೈನಮೋ ಎಂದೇ ಕರೆಯುವುದುಂಟು. ಎಂಜಿನ್ ಸ್ಟಾರ್ಟ್ ಮಾಡಲು ಬ್ಯಾಟರಿ ಬೇಕು. ಸ್ಟಾರ್ಟ್ ಆದ ಮೇಲೆ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಕರೆಂಟ್ ತಯಾರಿಸುತ್ತದೆ; ಹೆಡ್‌ಲೈಟ್, ವೈಪರ್, ಎಂಜಿನ್ ಕಂಪ್ಯೂಟರ್ ಎಲ್ಲವನ್ನೂ ನಡೆಸಿ, ಬ್ಯಾಟರಿಯನ್ನೂ ತುಂಬುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಹೇಳುವುದು "ಚಾರ್ಜ್ ಆಗುತ್ತಿಲ್ಲ" ಎಂದು. "ಬ್ಯಾಟರಿ ಕೆಟ್ಟಿದೆ" ಎಂದಲ್ಲ. ಪಂಪು ಕೆಟ್ಟಾಗ ಹೊಸ ಟ್ಯಾಂಕ್ ಕೂರಿಸಿದರೆ ಏನಾದೀತು? ಹೊಸ ಬ್ಯಾಟರಿಯೂ ಬೇಗನೆ ಖಾಲಿಯಾಗುತ್ತದೆ.

ಗುರುತಿಸುವುದು ಹೇಗೆ?

• ಎಂಜಿನ್ ಚಾಲೂ ಇದ್ದರೂ ಕೆಂಪು ಬ್ಯಾಟರಿ ದೀಪ ಆರದಿರುವುದು.
• ಹೆಡ್‌ಲೈಟ್ ಮಂಕಾಗುವುದು, ಆಕ್ಸಲರೇಟರ್ ಒತ್ತಿದಾಗ ಪ್ರಕಾಶ ಹೆಚ್ಚುವುದು.
• ಬಾನೆಟ್ ಒಳಗಿಂದ ಕೀರಲು ಸದ್ದು (ಬೆಲ್ಟ್ ಸಡಿಲ) ಅಥವಾ ಗರಗರ ಸದ್ದು (ಬೇರಿಂಗ್ ಸವೆತ).
• ಸುಟ್ಟ ರಬ್ಬರಿನ ಇಲ್ಲವೇ ವೈರಿನ ವಾಸನೆ.
• ಜಂಪ್ ಸ್ಟಾರ್ಟ್ ಮಾಡಿದ ಕಾರು ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲುವುದು.

ಖಚಿತಪಡಿಸಿಕೊಳ್ಳಲು ಒಂದು ಮಲ್ಟಿಮೀಟರ್ ಸಾಕು. ಅದನ್ನು ಡಿ.ಸಿ. 20 ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿಯನ್ನು ಮೈನಸ್‌ಗೆ ಮುಟ್ಟಿಸಿ. ಕಾರು ಕೆಲ ಗಂಟೆ ನಿಂತಿದ್ದರೆ, ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಮಾಡಿದ ಮೇಲೆ ಸಾಮಾನ್ಯವಾಗಿ 13.5ರಿಂದ 14.7 ಇರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದಾಗಲೂ 13ಕ್ಕಿಂತ ಕೆಳಗೆ ಇಳಿಯಬಾರದು. 12ರ ಆಸುಪಾಸಿನಲ್ಲೇ ಇದ್ದು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆ. ಕೆಲವು ಹೊಸ ಕಾರುಗಳು ಇಂಧನ ಉಳಿಸಲು ಚಾರ್ಜಿಂಗನ್ನು ತಾವೇ ತಗ್ಗಿಸುತ್ತವೆ. ಆದ್ದರಿಂದ ಹೆಡ್‌ಲೈಟ್ ಹಾಕಿ ಇನ್ನೊಮ್ಮೆ ಅಳೆದು ನೋಡಿ.

ಟರ್ಮಿನಲ್ ಏಕೆ ಬಿಚ್ಚಬಾರದು?

ಈ ಸಲಹೆ ಹಳೆಯ ಡೈನಮೋ ಕಾಲದ್ದು. ಆಗ ಕಾರಿನಲ್ಲಿ ಕೆಡಲು ಕಂಪ್ಯೂಟರ್ ಇರಲಿಲ್ಲ. ಈಗ ಆಲ್ಟರ್ನೇಟರ್ ಜೋರಾಗಿ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸಿದರೆ, ಆ ಕರೆಂಟಿಗೆ ಹೋಗಲು ಜಾಗವಿರುವುದಿಲ್ಲ. ಕ್ಷಣಾರ್ಧದಲ್ಲಿ ವೋಲ್ಟೇಜ್ 14ರಿಂದ ಹತ್ತಾರು ವೋಲ್ಟ್ ಮೇಲಕ್ಕೆ ಹಾರುತ್ತದೆ. ಚೆನ್ನಾಗಿದ್ದ ಆಲ್ಟರ್ನೇಟರಿನ ಡಯೋಡ್, ಎಂಜಿನ್ ಕಂಪ್ಯೂಟರ್, ಮ್ಯೂಸಿಕ್ ಸಿಸ್ಟಮ್ ಸುಡಬಹುದು. ಕಿಡಿ ಹಾರಿ ಬ್ಯಾಟರಿಯ ಹೈಡ್ರೋಜನ್ ಅನಿಲಕ್ಕೆ ಬೆಂಕಿ ಹತ್ತುವ ಅಪಾಯವೂ ಇದೆ.

ದಾರಿಯಲ್ಲೇ ಕೆಟ್ಟರೆ?

ಮಳೆಗಾಲದ ರಾತ್ರಿ. ಅಕ್ಕಿಆಲೂರಿನಿಂದ ಹಾನಗಲ್ ಮೇಲೆ ಹುಬ್ಬಳ್ಳಿಗೆ ಹೊರಟಿದ್ದೀರಿ, ಊರು ದಾಟಿದ ಕೂಡಲೇ ಕೆಂಪು ದೀಪ ಬಂತು ಎಂದುಕೊಳ್ಳಿ. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಅವರ್. ಎರಡು 55 ವ್ಯಾಟ್ ಹೆಡ್‌ಲೈಟ್‌ಗಳೇ 9 ಆಂಪಿಯರ್ ಎಳೆಯುತ್ತವೆ. ವೈಪರ್, ಪೆಟ್ರೋಲ್ ಪಂಪು, ರೇಡಿಯೇಟರ್ ಫ್ಯಾನ್ ಸೇರಿದರೆ 20 ದಾಟುತ್ತದೆ. ಲೆಕ್ಕದಲ್ಲಿ ಒಂದೂಮುಕ್ಕಾಲು ಗಂಟೆ. ಆದರೆ ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ಎಂಜಿನ್ ನಿಲ್ಲುತ್ತದೆ. ಬ್ಯಾಟರಿ ಹಳೆಯದಾಗಿದ್ದರೆ ಅರ್ಧ ಗಂಟೆಯಲ್ಲೇ ಮುಗಿಯಬಹುದು. ಅಂದರೆ ಹಾನಗಲ್ ಮುಟ್ಟಬಹುದು, ಹುಬ್ಬಳ್ಳಿಯ ಆಸೆ ಬೇಡ.

ಎ.ಸಿ., ಮ್ಯೂಸಿಕ್, ಮೊಬೈಲ್ ಚಾರ್ಜರ್ ಬಂದ್ ಮಾಡಿ. ಹೆಡ್‌ಲೈಟ್ ಮಾತ್ರ ಆರಿಸಬೇಡಿ. ಎಂಜಿನ್ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವ ಭರವಸೆ ಇಲ್ಲ, ಹಾಗಾಗಿ ಬೆಳಕು ಮತ್ತು ಜನರಿರುವ ಜಾಗ ತಲುಪಿದ ಮೇಲೇ ನಿಲ್ಲಿಸಿ.

ಆದರೆ ಟೆಂಪರೇಚರ್ ಮುಳ್ಳು ಏರಿದರೆ, ಸುಟ್ಟ ವಾಸನೆ ಬಂದರೆ, ಸ್ಟೇರಿಂಗ್ ಗಟ್ಟಿಯಾದರೆ ಅಥವಾ ಹೆಡ್‌ಲೈಟ್ ಮಂಕಾದರೆ ಕೂಡಲೇ ಪಕ್ಕಕ್ಕೆ ನಿಲ್ಲಿಸಿ. ಹಲವು ಕಾರುಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾಗಿದ್ದರೆ ಮುಂದೆ ಓಡಿಸಿದಷ್ಟೂ ಎಂಜಿನ್ ಕಾದು ಹಾಳಾಗುತ್ತದೆ. ಎಂಜಿನ್ ನಿಂತರೆ ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ಹಾಗಾಗಿ ಘಟ್ಟದ ರಸ್ತೆಯಲ್ಲಂತೂ ಸಾಹಸ ಬೇಡ.

ಹಣ ಕೊಡುವ ಮುನ್ನ

"ಪೂರ್ತಿ ಆಲ್ಟರ್ನೇಟರ್ ಬದಲಿಸಬೇಕು" ಎಂದರೆ ಒಂದೇ ಮಾತಿಗೆ ಒಪ್ಪಬೇಡಿ. ಮೊದಲು ಬೆಲ್ಟ್, ವೈರಿಂಗ್, ತುಕ್ಕು ಹಿಡಿದ ಟರ್ಮಿನಲ್ ನೋಡಲು ಹೇಳಿ. ಕಾರ್ಬನ್ ಬ್ರಷ್, ರೆಗ್ಯುಲೇಟರ್, ಬೇರಿಂಗ್ ಹಲವು ಮಾದರಿಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಆಟೋ ಎಲೆಕ್ಟ್ರಿಷಿಯನ್ ಅಷ್ಟನ್ನೇ ಬದಲಿಸಬಲ್ಲರು. ಕೆಲಸ ಮುಗಿದ ಮೇಲೆ ನಿಮ್ಮೆದುರೇ ವೋಲ್ಟ್ ಅಳೆದು ತೋರಿಸಲು ಕೇಳಿ.

ಗೆಳೆಯರಿಗೆ ಫಾರ್ವರ್ಡ್ ಮಾಡುವುದಿದ್ದರೆ ಇಷ್ಟನ್ನು ಮಾಡಿ: ನಿಂತ ಕಾರಿಗೆ 12.6, ಚಾಲೂ ಎಂಜಿನ್ನಿಗೆ ಸುಮಾರು 14. ಟರ್ಮಿನಲ್ ಮುಟ್ಟಬೇಡಿ, ಮೀಟರ್ ನೋಡಿ.